ಶಂಕ್ರ್ಯಾನ ಹತ್ತು ಬೆರಳು ಮತ್ತು ಒಂದು ಜೊತೆ ಗ್ಲೌಸು

ಚರ್ಚಾಸ್ಪರ್ಧೆಯಲ್ಲಿ ವಿರೋಧವಾಗಿ ಮಾತಾಡುವವನಷ್ಟು ಸುಖಿ ಲೋಕದಲ್ಲಿ ಇನ್ನೊಬ್ಬನಿಲ್ಲ. ಪರವಾಗಿ ಮಾತಾಡುವವನು ಪಾಪ, ಏನನ್ನಾದರೂ ಒಂದನ್ನು ನಂಬಬೇಕು, ಅದನ್ನು ಹೊತ್ತು ತಂದು ಸಭೆಯ ಮುಂದೆ ಇಡಬೇಕು, ಅದು ಬೀಳದೆ ನಿಲ್ಲುತ್ತದೆ ಎಂದು ಸಾಧಿಸಬೇಕು. ವಿರೋಧಿಗೆ ಆ ತಾಪತ್ರಯವಿಲ್ಲ. ಎದ್ದು ನಿಂತು, ಅದರ ಒಂದು ಕಾಲು ಗಿಡ್ಡ ಎಂದು ತೋರಿಸಿ ಕುಳಿತರೆ ಚಪ್ಪಾಳೆ ತಾನಾಗಿ ಬರುತ್ತದೆ. ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ನಾನು ಇದೇ ಕಸುಬು ಮಾಡಿಕೊಂಡು ಬಂದವನು. 'ಯಂತ್ರ ಮನುಷ್ಯನ ಮಿತ್ರ' ಎಂಬ ವಿಷಯದ ಮೇಲೆ ಹಾವೇರಿಯಲ್ಲಿ ಪರವಾಗಿ, ರಾಣೇಬೆನ್ನೂರಿನಲ್ಲಿ ವಿರೋಧವಾಗಿ, ಎರಡೂ ಕಡೆ ಅವೇ ಉದಾಹರಣೆಗಳನ್ನು ಕೊಟ್ಟು ಎರಡೂ ಕಡೆ ಸ್ಟೀಲಿನ ಲೋಟ ಗೆದ್ದು ತಂದಿದ್ದೇನೆ. ಆ ಲೋಟಗಳಲ್ಲಿ ನೀರು ಕೊಡುವಾಗ ನಮ್ಮವ್ವ, "ಇದರಾಗ ಖರೇದ್ದು ಯಾವ್ದೋ, ಸುಳ್ಳಿಂದು ಯಾವ್ದೋ?" ಎಂದು ಈಗಲೂ ಕೇಳುತ್ತಾಳೆ.

ಇಂಥವನನ್ನು ಅಂಗಡಿಗೆ ಕಳಿಸಿ ಒಂದು ವಸ್ತು ಆರಿಸಿಕೊಂಡು ಬಾ ಎಂದರೆ ಏನಾಗಬೇಕೋ ಅದೇ ಆಗುತ್ತದೆ. ಬನಿಯನ್ ಕೊಳ್ಳಲು ಹೋದವನು ಅಂಗಡಿಕಾರನೊಡನೆ ಅದರ ನೂಲಿನ ಬಗ್ಗೆ ವಾದಕ್ಕೆ ನಿಂತು, ಗೆದ್ದು, ಬನಿಯನ್ ಇಲ್ಲದೆ ಮನೆಗೆ ಬಂದದ್ದುಂಟು. ಕೊಡೆಯದೂ ಅದೇ ಕತೆ. ಇವತ್ತಿಗೂ ನನಗೆ ಸ್ವಂತ ಕೊಡೆಯಿಲ್ಲ. ಅದರಿಂದ ನನಗೆ ನೆಗಡಿಯಾಗಿದೆಯೇ ಹೊರತು ಇನ್ನೊಬ್ಬರಿಗೆ ತೊಂದರೆಯಾಗಿರಲಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಮಾತ್ರ, ಇನ್ನೊಬ್ಬನ ಹತ್ತು ಬೆರಳುಗಳನ್ನು ತಂದು ನನ್ನ ಉಡಿಯಲ್ಲಿ ಹಾಕಲಾಯಿತು.

ಆ ಬೆರಳುಗಳು ನನ್ನ ಚಿಗವ್ವನ ಮಗ ಶಂಕರನವು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಇದ್ದಾಳೆ. ಚಿಕ್ಕಪ್ಪ ಬೇಗ ಹೋಗಿಬಿಟ್ಟದ್ದರಿಂದ, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಶಂಕರನನ್ನು ಓದಿಸಿದಳು. ಓದು ಅವನ ತಲೆಗೆ ಹತ್ತಲಿಲ್ಲವಾದರೂ ಬೆರಳಿಗೆ ಹತ್ತಿತು. ಟೈಪಿಂಗ್ ಕ್ಲಾಸಿನಲ್ಲಿ ಅವನ ಕೈ ಓಡುವುದನ್ನು ನೋಡಲು ಬೇರೆ ಬ್ಯಾಚಿನ ಹುಡುಗರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಸರಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರನ ಕಾಯಂ ಹುದ್ದೆಗೆ ಕರೆ ಬಂದಿತ್ತು. ಬುಧವಾರ ಟೈಪಿಂಗ್ ಪರೀಕ್ಷೆ. ಅದರಲ್ಲಿ ಪಾಸಾದರೆ ಚಿಗವ್ವನ ಒಲೆಗೆ ವಿಶ್ರಾಂತಿ. ಇಷ್ಟು ಸರಳವಾದ ಲೆಕ್ಕ.

ಆದರೆ ಶಂಕ್ರ್ಯಾನ ಅದೇ ಹತ್ತು ಬೆರಳಿಗೆ ಇನ್ನೊಂದು ಚಟವಿತ್ತು. ಗೆಳೆಯನೊಬ್ಬನ ಹಳೆಯ ಮೋಟಾರ್‌ಸೈಕಲ್ಲನ್ನು ಬಿಚ್ಚಿ, ಜೋಡಿಸಿ, ಬೇಡದ್ದನ್ನೆಲ್ಲ ಕಿತ್ತೆಸೆದು, ಊರ ಹೊರಗಿನ ಬೀಳು ನೆಲದಲ್ಲಿ ಧೂಳೆಬ್ಬಿಸಿಕೊಂಡು ಸುತ್ತುವುದು. ಆ ವರ್ಷ ರಾಣೇಬೆನ್ನೂರಿನ ಕೆಲವು ಯುವಕರು ಸೇರಿ, ಬೆಳೆ ತೆಗೆದ ಒಂದು ದೊಡ್ಡ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದು, ಮಣ್ಣಿನ ದಿಬ್ಬ, ತಿರುವುಗಳನ್ನೆಲ್ಲ ಮಾಡಿ ಮೋಟಾರ್‌ಸೈಕಲ್ ರೇಸು ಇಟ್ಟರು. ಬುಧವಾರದ ಪರೀಕ್ಷೆಗೆ ಮುಂಚಿನ ಭಾನುವಾರವೇ. ಹೆಲ್ಮೆಟ್, ಬೂಟು, ಪೂರ್ತಿ ಬೆರಳು ಮುಚ್ಚುವ ಗ್ಲೌಸು, ಈ ಮೂರಿಲ್ಲದವರನ್ನು ಟ್ರ್ಯಾಕಿನ ಒಳಗೆ ಬಿಡುವುದಿಲ್ಲ ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು. ಹೆಲ್ಮೆಟ್ ಸಿಕ್ಕಿತು. ಬೂಟನ್ನು ಗೃಹರಕ್ಷಕ ದಳದ ಪರಿಚಯದವರೊಬ್ಬರು ಕೊಟ್ಟರು. ಉಳಿದದ್ದು ಗ್ಲೌಸು.

ಚಿಗವ್ವ ನನ್ನನ್ನು ಕರೆಸಿದಳು. ಹಂಚಿನ ಮೇಲೆ ರೊಟ್ಟಿಯಿತ್ತು. ನನ್ನ ಕಡೆ ನೋಡದೆ ಮಾತಾಡಿದಳು.

"ಗಂಗ್ಯಾ, ನಾ ಬ್ಯಾಡ ಅಂದ್ರ ಅಂವ ಕದ್ದು ಹೋಗ್ತಾನ. ಕದ್ದು ಹೋದ್ರ ಬರೇ ಕೈಲೆ ಹೋಗ್ತಾನ. ಅದಕ್ಕ ಹೋಗ ಅಂದೇನಿ."

"ಹಂಗಲ್ಲ ಚಿಗವ್ವಾ, ಇದರಾಗ ಎರಡು ಪ್ರಶ್ನೆ ಅದಾವು—"

"ಪ್ರಶ್ನೆ ನಿನ್ನ ಕಾಲೇಜಿನಾಗ ಇಟಗೋ. ಕೈಗೆ ಹಾಕ್ಕೊಳ್ಳೂ ಚೀಲ ಛಲೋದು ನೋಡಿ ಕೊಡಸು. ಎಲ್ಲಾದರಾಗೂ ಖೋಡಿ ತಗೀತಿ, ಇದರಾಗೂ ತಗಿ. ಖೋಡಿ ಇಲ್ಲದ್ದು ಸಿಗೂತನಕ ಬಿಡಬ್ಯಾಡ. ಅವನ ಬೆರಳು ನಿನ್ನ ಜಿಮ್ಮಾ."

ಕೊರತೆ ಹುಡುಕುವ ನನ್ನ ವಾದಶಕ್ತಿಗೆ ಇಷ್ಟು ದೊಡ್ಡ ಗೌರವ ಯಾವ ತೀರ್ಪುಗಾರನೂ ಕೊಟ್ಟಿರಲಿಲ್ಲ. ಆದರೂ ಹೊರಗೆ ಬಂದು ಕಟ್ಟೆ ಇಳಿಯುವಾಗ ಆ ಹೊಣೆಯ ಭಾರ ತಿಳಿಯಿತು. ಸೋತರೆ ಲೋಟ ಕಳೆದುಕೊಳ್ಳುವುದು ಬೇರೆ, ಬೆರಳು ಕಳೆದುಕೊಳ್ಳುವುದು ಬೇರೆ, ಅದೂ ಇನ್ನೊಬ್ಬನದು.

ಹಾವೇರಿಯಲ್ಲಿ ಆಗ ರೇಸಿನ ಗ್ಲೌಸು ಮಾರುವ ಅಂಗಡಿ ಇರಲಿಲ್ಲ, ಈಗಲೂ ಇಲ್ಲ. ಹುಬ್ಬಳ್ಳಿಗೆ ಹೋದ ಗೆಳೆಯನೊಬ್ಬನಿಗೆ ಹೇಳಿ ತರಿಸಿದೆವು. ಬಂದದ್ದು ಕರಿ ಚರ್ಮದ, ಗುಂಡಿಗಳಿದ್ದ, ನೋಡಲು ಬಲು ಭರ್ಜರಿ ವಸ್ತು. ಬೆರಳಿನ ತುದಿಗಳು ಮಾತ್ರ ಇರಲಿಲ್ಲ, ಅರ್ಧಕ್ಕೇ ಕತ್ತರಿಸಿದ್ದರು. ಶಂಕ್ರ್ಯಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. "ಏನ್ ಕಾಣ್ತಾವಲೇ," ಎಂದ. ಬೆರಳು ಕಾಪಾಡುವುದಕ್ಕೆ ಬೆರಳಿಲ್ಲದ ಗ್ಲೌಸು, ತಲೆ ಕಾಪಾಡುವುದಕ್ಕೆ ಕೊರಳಪಟ್ಟಿ ಕಟ್ಟಿದ ಹಾಗೆ ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡು ಬಿಚ್ಚಿಟ್ಟ. ವೆಲ್ಡಿಂಗ್ ಅಂಗಡಿಯ ಗ್ಲೌಸು ತಂದ. ಅದು ಮೊಣಕೈವರೆಗೆ ಬರುತ್ತಿತ್ತು, ಬೆಂಕಿಯಲ್ಲಿ ಕೈಯಿಟ್ಟರೂ ಅಂಜಿಕೆಯಿಲ್ಲ. ಹಾಕಿಕೊಂಡು ಚಹಾದ ಬಸಿ ಎತ್ತು ನೋಡೋಣ ಎಂದೆ. ಬಸಿ ಎತ್ತಲು ಹೋಗಿ ಮೇಜಿನ ಮೇಲಿದ್ದ ಎಲ್ಲವನ್ನೂ ಎತ್ತಿದ. ಬಸಿಯ ಅಂಚು ತಿಳಿಯದ ಬೆರಳಿಗೆ ಕ್ಲಚ್ಚು ಎಷ್ಟು ಬಿಟ್ಟೆ, ಬ್ರೇಕು ಎಷ್ಟು ಹಿಡಿದೆ ಎಂಬುದು ತಿಳಿಯುತ್ತದೆಯೇ? ಅದೂ ಹೋಯಿತು.

ಕ್ರಿಕೆಟ್ ಆಡುವ ಹುಡುಗರು ಬ್ಯಾಟಿಂಗ್ ಗ್ಲೌಸು ಕೊಡಲು ಬಂದರು. ಅದರಲ್ಲಿ ದಪ್ಪವೆಲ್ಲ ಕೈಯ ಹಿಂಬದಿಗೆ, ಯಾಕೆಂದರೆ ಚೆಂಡು ಬರುವುದು ಆ ಕಡೆಯಿಂದ. ಬೈಕಿನಿಂದ ಬೀಳುವ ಮನುಷ್ಯ ಅಂಗೈ ಮುಂದೆ ಮಾಡಿ ಬೀಳುತ್ತಾನೆ. ಇದನ್ನು ಸಾಬೀತು ಮಾಡಲು ನಾನು ಶಂಕ್ರ್ಯಾನನ್ನು ಅವನ ಮನೆಯ ಕಟ್ಟೆಯ ಮೇಲಿಂದ ಹೇಳದೆ ಕೇಳದೆ ದೂಡಿದೆ. ಅಂಗೈ ಊರಿಯೇ ಬಿದ್ದ. ಸಿದ್ಧಾಂತ ನಿಜವಾಯಿತು. ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕರೆಂಟಿನವರ ರಬ್ಬರ್ ಗ್ಲೌಸು ತಂದುಕೊಟ್ಟ ಪುಣ್ಯಾತ್ಮರೂ ಇದ್ದರು. ಅದು ಸಿಡಿಲು ಬಡಿದರೆ ಉಪಯೋಗ. ಚಿಗವ್ವ ತಾನೇ ಪೆಟ್ಟಿಗೆ ತೆಗೆದು ಉಲನ್ನಿನ ಒಂದು ಜೊತೆ ಹುಡುಕಿಕೊಟ್ಟಳು. ನೆಲಕ್ಕೆ ಒಮ್ಮೆ ಉಜ್ಜಿದರೆ ನೂಲು ಬೇರೆ, ಕೈ ಬೇರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಜೇಬಿಗೆ ಹಾಕಿಕೊಂಡೆ.

ಹೀಗೆ ಒಂದೊಂದನ್ನೇ ಕೊಂದು ಹಾಕುತ್ತ ಶುಕ್ರವಾರಕ್ಕೆ ಬಂದೆವು. ಅಷ್ಟರಲ್ಲಿ ಗ್ಲೌಸಿನ ಬಗ್ಗೆ ನಾನು ಒಂದು ಭಾಷಣ ಮಾಡುವಷ್ಟು ಪಂಡಿತನಾಗಿದ್ದೆ. ಅಂಗೈಯಲ್ಲಿ ಎರಡು ಪದರ ಇರಬೇಕು. ಹೊಲಿಗೆ ಹೊರಗಿರಬೇಕು, ಒಳಗಿದ್ದರೆ ಹಿಡಿ ಬಿಗಿ ಹಿಡಿದಾಗ ಬೆರಳ ಸಂದು ಕಡಿಯುತ್ತದೆ. ಮಣಿಕಟ್ಟಿನಲ್ಲಿ ಪಟ್ಟಿ ಬೇಕು, ಇಲ್ಲವಾದರೆ ಬೀಳುವಾಗ ಗ್ಲೌಸು ಒಂದು ಕಡೆ, ಕೈ ಒಂದು ಕಡೆ. ಚರ್ಮ ಹಳೆಯದಾಗಿ ಮೆತ್ತಗಾಗಿರಬೇಕು. ಬಿಡಿಸಿದ ಕೈಗಲ್ಲ, ಮಡಿಚಿದ ಕೈಗೆ ಸರಿಯಾಗಿ ಕೂರಬೇಕು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಭಾಷಣವನ್ನು ಕೈಗೆ ಹಾಕಿಕೊಂಡು ಟ್ರ್ಯಾಕಿಗೆ ಇಳಿಯಲು ಬರುವುದಿಲ್ಲ.

"ನೀ ಎಲ್ಲಾ ಬ್ಯಾಡ ಅಂದಿ," ಶಂಕ್ರ್ಯಾ ಅಂದ. "ಈಗ ಹೇಳ ನೋಡೂಣು, ಯಾವ್ದು ಬೇಕು?"

ಈ ಪ್ರಶ್ನೆಯನ್ನು ನನಗೆ ಯಾವ ವೇದಿಕೆಯ ಮೇಲೂ ಯಾರೂ ಕೇಳಿರಲಿಲ್ಲ.

ಆಗ ನೆನಪಾದವರು ಬ್ಯಾಡಗಿಯ ಗುರುಬಸಪ್ಪ ಮಾಮಾ. ನಮ್ಮಿಬ್ಬರ ತಾಯಂದಿರಿಗೂ ಅಣ್ಣ. ಅಲ್ಲಿ ಒಂದು ಖಾರದಪುಡಿ ಗಿರಣಿಯ ಮ್ಯಾನೇಜರು. ಗಿರಣಿಯ ಯಂತ್ರಗಳ ಬಿಸಿ ಭಾಗ ಬಿಚ್ಚುವಾಗ ಹಾಕಿಕೊಳ್ಳಲು ಒಳ್ಳೆಯ ಚರ್ಮದ ಗ್ಲೌಸು ಇವೆ ಎಂದು ಯಾವಾಗಲೋ ಹೇಳಿದ್ದರು. ಶನಿವಾರ ಮುಂಜಾನೆ ಬಸ್ಸು ಹಿಡಿದೆವು. ಬ್ಯಾಡಗಿ ಬಂತೆಂದು ಕಂಡಕ್ಟರ್ ಹೇಳಬೇಕಾಗಿಲ್ಲ. ಬಸ್ಸಿನ ಅರ್ಧ ಜನ ಸೀನುತ್ತಾರೆ. ಅಂಗಳಗಳಲ್ಲಿ ಕೆಂಪು ಹಾಸು. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು.

ಮಾಮಾ ಒಳಗೆ ಹೋಗಿ ಹುಡುಕಾಡಿ ತಂದು ಮೇಜಿನ ಮೇಲೆ ಹಾಕಿದರು. ನಾನು ನೋಡಿದೆ. ಮತ್ತೆ ನೋಡಿದೆ. ಅಂಗೈಯಲ್ಲಿ ಎರಡು ಪದರ. ಹೊಲಿಗೆ ಹೊರಗೆ. ಮಣಿಕಟ್ಟಿಗೆ ಪಟ್ಟಿ, ಪಟ್ಟಿಗೆ ಬಕಲು. ಚರ್ಮ ಎಷ್ಟು ಹಳೆಯದೆಂದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಾಗುತ್ತಿತ್ತು. ಶಂಕ್ರ್ಯಾ ಹಾಕಿಕೊಂಡು ಹಿಡಿ ಮಾಡಿದ. ಅವನ ಕೈಗೇ ಅಳತೆ ತೆಗೆದು ಹೊಲಿದಂತೆ ಕೂತಿತು. ಬೆರಳ ತುದಿ ಹಿಡಿದು ನಾನು ಜಗ್ಗಿದೆ, ಅವನು ಕುರ್ಚಿ ಸಮೇತ ಬಂದ, ಗ್ಲೌಸು ಬರಲಿಲ್ಲ. ಚಹಾದ ಬಸಿಯನ್ನು ಒಂದು ಹನಿ ಚೆಲ್ಲದೆ ಎತ್ತಿ ಕುಡಿದ. ನನಗೆ ಖೋಡಿ ಸಿಗಲಿಲ್ಲ. ಹುಡುಕಿದೆ, ಬೆವರಿದೆ, ಸಿಗಲಿಲ್ಲ.

ಒಂದೇ ವಿಷಯವೆಂದರೆ ಅವು ಕೆಂಪಗಿದ್ದವು. ಚರ್ಮದ ಮೂಲ ಬಣ್ಣ ಯಾವುದೋ ದೇವರಿಗೇ ಗೊತ್ತು. ಹೊರಗೂ ಒಳಗೂ ವರ್ಷಗಟ್ಟಲೆ ಪುಡಿ ಕುಡಿದು ಕುಂಕುಮದ ಭರಣಿಯಂತಾಗಿದ್ದವು.

"ಖಾರ ಹತ್ತೂದಿಲ್ಲೇನೋ?" ಶಂಕ್ರ್ಯಾ ನನ್ನನ್ನು ಕೇಳಿದ.

ಮಾಮಾ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಬ್ಯಾಡಗಿಯವರ ಮುಂದೆ ಈ ಪ್ರಶ್ನೆ ಕೇಳಬಾರದು. "ಏ ಹುಚ್ಚಪ್ಯಾ, ಇದು ಬ್ಯಾಡಗಿ. ನಮ್ಮ ಕಾಯಿಗೆ ಬಣ್ಣ ಕೇಳು, ವಾಸನಿ ಕೇಳು. ಖಾರ ಎಲ್ಲಿಂದ ಬರಬೇಕೋ? ಕೂಸಿಗೆ ಕಲಸಿ ತಿನಸ್ತಾರ ಇಲ್ಲಿ."

"ಅದನ್ನ ನಾನೂ ಹೇಳೂದು," ಎಂದೆ ನಾನು. ನನ್ನೊಳಗಿನ ವಾಗ್ಮಿ ಒಂದು ವಾರದಿಂದ ಪರವಾಗಿ ಮಾತಾಡಲು ಒಂದು ವಸ್ತು ಸಿಕ್ಕದೆ ಹಸಿದಿದ್ದ. ನಮ್ಮ ಮೆಣಸಿನಕಾಯಿ ಹೆಸರಾದದ್ದೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದಕ್ಕೆ. ಇದು ಬ್ಯಾಡಗಿಯ ಗಿರಣಿ. ಬ್ಯಾಡಗಿಯ ಗಿರಣಿಯಲ್ಲಿ ಬೀಸಿದ ಪುಡಿ ಬ್ಯಾಡಗಿಯದೇ. ಆದ್ದರಿಂದ ಈ ಗ್ಲೌಸಿನಲ್ಲಿರುವುದು ಬಣ್ಣ ಮಾತ್ರ. ಇಷ್ಟಕ್ಕೆ ನಿಲ್ಲದೆ, ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂಬ ನನ್ನ ನಿಯಮದಂತೆ, ಗ್ಲೌಸಿನ ಪಟ್ಟಿಯ ಮೇಲೆ ನಾಲಿಗೆ ಇಟ್ಟು ತೋರಿಸಿದೆ. ಚರ್ಮದ ರುಚಿ ಬಂತು, ಅಷ್ಟೆ. ಮಾಮಾ ಮೆಚ್ಚಿಕೊಂಡು ನಕ್ಕರು. ತೊಳೆಸಿ ಕೊಡಲೇ ಎಂದರು. ನೆನೆದು ಒಣಗಿದರೆ ಚರ್ಮ ಕಟ್ಟಿಗೆಯಾಗುತ್ತದೆ, ಬೇಡ ಎಂದೆ. ಅದೂ ಸರಿಯಾದ ಮಾತೇ ಆಗಿತ್ತು.

ಆ ಸಂಜೆ ಚಿಗವ್ವ ಗ್ಲೌಸನ್ನು ತಿರುವಿ ತಿರುವಿ ನೋಡಿದಳು. "ಖೋಡಿ ಇಲ್ಲೇನೋ?" "ಇಲ್ಲ ಚಿಗವ್ವಾ." "ನೀನ ಹೇಳಾಕತ್ತಿ ಅಂದ್ರ ಇರಾಕಿಲ್ಲ ಬಿಡು," ಎಂದು ಒಳಗೆ ಹೋದಳು. ಅವಳು ಅಷ್ಟು ನಿಶ್ಚಿಂತೆಯಿಂದ ನಡೆದುಹೋದದ್ದು ನನಗೆ ಸರಿಬರಲಿಲ್ಲ. ನನ್ನ ಮಾತನ್ನು ಜನ ಹಾಗೆ ಒಮ್ಮೆಲೇ ನಂಬುವುದು ನನಗೆ ರೂಢಿಯಿಲ್ಲ.

ಭಾನುವಾರ ರಾಣೇಬೆನ್ನೂರಿನ ಆ ಹೊಲದ ಸುತ್ತ ಇಷ್ಟು ಜನ ಎಲ್ಲಿಂದ ಬಂದರೋ. ದೇವರಗುಡ್ಡದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಟ್ರೇಲರಿನ ಮೇಲೆಯೇ ನಿಂತು ನೋಡುತ್ತಿದ್ದರು. ತಿರುವುಗಳಲ್ಲಿ ಹುಲ್ಲು ತುಂಬಿದ ಗೋಣಿಚೀಲಗಳ ಸಾಲು. ಧೂಳು ಏಳದಿರಲೆಂದು ಟ್ಯಾಂಕರ್ ಒಂದು ನೀರು ಹೊಡೆಯುತ್ತಿತ್ತು. ಕೊರಳಲ್ಲಿ ಸೀಟಿ ಹಾಕಿಕೊಂಡ ದಪ್ಪನೆಯ ತಪಾಸಣೆಯ ಮನುಷ್ಯ ಒಬ್ಬೊಬ್ಬರ ಕೈ ಹಿಡಿದು ನೋಡಿದ. ಒಬ್ಬನ ಗ್ಲೌಸನ್ನು ಜಗ್ಗಿದ, ಅದು ಕೈಗೆ ಬಂತು. "ಮನೀಗೆ ನಡಿ," ಎಂದ. ಶಂಕ್ರ್ಯಾನದನ್ನು ಜಗ್ಗಿದ, ಬಕಲು ನೋಡಿದ, ಅಂಗೈ ಒತ್ತಿದ. "ಎಲ್ಲಿ ತಂದೀಪಾ ಇದನ್ನ? ಹಿಂಗಿರಬೇಕ ನೋಡು ಗ್ಲೌಸಂದ್ರ." ನಾನು ಹಿಂದೆ ನಿಂತು, ನನ್ನನ್ನೇ ಹೊಗಳಿದಂತೆ ನೆಲ ನೋಡಿದೆ.

ಬೆಳಗಿನ ಸುತ್ತುಗಳು ಸಲೀಸಾಗಿ ಮುಗಿದವು. ಬಿಸಿಲು ಏರಿರಲಿಲ್ಲ. ಶಂಕ್ರ್ಯಾ ಕೊನೆಯ ಪಂದ್ಯಕ್ಕೆ ಆಯ್ಕೆಯಾದ. ಪಂದ್ಯ ನಡುಮಧ್ಯಾಹ್ನಕ್ಕೆ. ಗಾಡಿ ಸಾಲಿಗೆ ಒಯ್ಯುವ ಮುಂಚೆ ಅಂಗೈಗಳನ್ನು ಉಜ್ಜಿಕೊಳ್ಳುತ್ತ ಬಂದ.

"ಗಂಗ್ಯಾ, ಕೈ ಯಾಕೋ ಬೆಚ್ಚಗಾಗ್ಯಾವಲೇ."

"ರಕ್ತ ಓಡಾಕತ್ತೈತಿ. ಚರ್ಮದ ಗ್ಲೌಸು ಅಂದ್ರ ಹಂಗ. ಛಲೋ ಲಕ್ಷಣ."

ಅವನು ತಲೆಯಾಡಿಸಿ ಹೋದ. ಬಾವುಟ ಬಿತ್ತು. ಗಾಡಿಗಳೆಲ್ಲ ಒಂದೇ ಗುಂಪಾಗಿ ಮೊದಲ ತಿರುವಿಗೆ ನುಗ್ಗಿದವು. ಅದೇ ಹೊತ್ತಿಗೆ ನನ್ನ ತೋಳನ್ನು ಯಾರೋ ಹಿಂದಿನಿಂದ ಹಿಡಿದರು. ಗುರುಬಸಪ್ಪ ಮಾಮಾ. ಬ್ಯಾಡಗಿಯಿಂದ ಸ್ಕೂಟರ್ ಹೊಡೆದುಕೊಂಡು ಬಂದಿದ್ದರು. ಟೋಪಿ ಇರಲಿಲ್ಲ. ಮಾಮಾನನ್ನು ಟೋಪಿಯಿಲ್ಲದೆ ನಾನು ಅದೇ ಮೊದಲು ನೋಡಿದ್ದು.

"ಅಂವ ಗ್ಲೌಸ್ ಹಾಕ್ಕೊಂಡಾನೇನೋ?"

"ಹೂಂ ರಿ ಮಾಮಾ. ತಪಾಸಣಿಯಂವ ಸೈತ ಹೊಗಳಿದ."

"ತಗಸೋ ಅವನ್ನ."

"ಯಾಕ್ರಿ?"

"ಮುಂಜಾನಿ ನಮ್ಮ ಫಿಟ್ಟರ್ ಬಂದು ಕೇಳಿದ. ಗುಂಟೂರ ಖೋಲ್ಯಾಗಿನ ಗ್ಲೌಸ್ ಎಲ್ಲಿ ಅದಾವ್ರಿ ಅಂತ."

ಗುಂಟೂರ ಖೋಲಿ ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಂಟೂರಿನ ಕಾಯಿ ಎಷ್ಟು ಖಾರ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಆದರೂ ಹೇಳಿದರು. ಹೋಟೆಲಿನವರಿಗೆ ಬಣ್ಣ ಸಾಲುವುದಿಲ್ಲ, ಖಾರವೂ ಬೇಕು. ಅವರ ಪುಡಿಗೆಂದು ಆಂಧ್ರದ ಕಾಯಿ ತರಿಸಿ, ನಮ್ಮ ಕಾಯಿಗೆ ಅದರ ಸೋಂಕು ತಗಲಬಾರದೆಂದು ಬೇರೆ ಕೋಣೆಯಲ್ಲಿ ಬೀಸುತ್ತಾರೆ. ಆ ಕೋಣೆಯ ಯಂತ್ರಕ್ಕೆ ಈ ಗ್ಲೌಸು. ವರ್ಷಗಟ್ಟಲೆ.

"ನಿನ್ನೆ ಹೇಳಬೇಕಿಲ್ರೀ ಮಾಮಾ."

"ಬ್ಯಾಡಗಿ ಹೆಸರ ಬಂತಲ್ಲೋ, ನನಗೂ ಆ ಖೋಲಿ ನೆನಪ ಹಾರಿತು. ನೀನೂ ಖಾರಿಲ್ಲ ಅಂತ ನೆಕ್ಕಿ ತೋರಿಸಿದಿ."

ನಾನು ನೆಕ್ಕಿದ್ದು ಬಳಸಿ ಬಳಸಿ ಸವೆದ ಹೊರಗಿನ ಪಟ್ಟಿಯನ್ನು. ಬೆರಳು ಇರುವುದು ಒಳಗೆ. ದೇವರು, ದೆವ್ವ, ಜಾತಕ, ಪತ್ರಿಕೆಯ ಸುದ್ದಿ, ಮಾಸ್ತರರ ನೋಟ್ಸು, ಎಲ್ಲವನ್ನೂ ಸಂದೇಹಿಸಿದ ನಾನು, ನಮ್ಮ ತಾಲೂಕುಗಳ ಮೆಣಸಿನಕಾಯಿಯನ್ನು ಮಾತ್ರ ಸಂದೇಹಿಸಲಿಲ್ಲ. ಬ್ಯಾಡಗಿಗೆ ಬೇರೆ ಊರಿನ ಕಾಯಿಯೂ ಲಾರಿ ಹತ್ತಿ ಬರಬಹುದು ಎಂಬ ಸಣ್ಣ ಯೋಚನೆ ಹೊಳೆಯದಂತೆ ಊರಿನ ಅಭಿಮಾನ ಅಡ್ಡ ನಿಂತಿತ್ತು. ಪಂಜಾಬಿನವನೋ ಬಂಗಾಳದವನೋ ಆಗಿದ್ದರೆ ಆ ಕೆಂಪು ಗ್ಲೌಸನ್ನು ಕೋಲಿನಿಂದ ಮುಟ್ಟುತ್ತಿದ್ದ.

ಈಗ ತೆಗೆಸುವುದು ಹೇಗೆ? ಅವನು ಟ್ರ್ಯಾಕಿನ ಆ ಬದಿಯಲ್ಲಿದ್ದ. ಒಣ ಕೈಗೆ ಸುಮ್ಮನಿದ್ದ ಪುಡಿ ಬೆವರಿಗೆ ಎದ್ದಿರಬೇಕು. ಎರಡನೆಯ ಸುತ್ತಿನಲ್ಲಿ ನಮ್ಮ ಮುಂದೆ ಹಾಯುವಾಗ ಎಡಗೈಯನ್ನು ಹ್ಯಾಂಡಲಿನಿಂದ ಎತ್ತಿ ಜೋರಾಗಿ ಕೊಡವಿದ. ಜನ ತಮಗೆ ಕೈ ಬೀಸುತ್ತಿದ್ದಾನೆಂದು ತಿಳಿದು ಸೀಟಿ ಹೊಡೆದರು. ಮುಂದಿನ ಸುತ್ತಿಗೆ ಬಲಗೈ ಕೊಡವಿದ. ಟ್ರೇಲರಿನ ಮೇಲಿದ್ದ ಒಬ್ಬ, "ಎಷ್ಟು ಧೈರ್ಯ ನೋಡಲೇ, ಒಂದ ಕೈಲೆ ಹೊಡ್ಯಾಕತ್ತಾನ," ಎಂದ. ನಾನು ಗೋಣಿಚೀಲದ ಸಾಲಿನವರೆಗೆ ಓಡಿ, ನಿಲ್ಲು ನಿಲ್ಲು ಎಂದು ಎರಡೂ ಕೈ ಬೀಸಿದೆ. ಶಂಕ್ರ್ಯಾ ನನ್ನನ್ನು ನೋಡಿದ. ನಾನು ಹುರಿದುಂಬಿಸುತ್ತಿದ್ದೇನೆಂದು ತಿಳಿದು ಇನ್ನೂ ಜೋರು ಬಿಟ್ಟ. ಅಷ್ಟು ಮಾತು ಕಲಿತ ನನಗೆ, ಸೈಲೆನ್ಸರ್ ಕಿತ್ತ ಇಂಜಿನ್ನಿನ ಮುಂದೆ ಒಂದು ಶಬ್ದ ಅವನ ಕಿವಿಗೆ ಮುಟ್ಟಿಸಲಾಗಲಿಲ್ಲ. ಮಾಮಾ ಪಕ್ಕದಲ್ಲಿ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದರು. ನಾನು ಆಕ್ಷೇಪಿಸಲಿಲ್ಲ.

ಕೊನೆಯ ಸುತ್ತಿನಲ್ಲಿ ಅವನು ಮೂರನೆಯವನಾಗಿದ್ದ. ಕೊನೆಯ ತಿರುವು. ಬ್ರೇಕು ಹಿಡಿಯುವ ಬೆರಳು ಒಂದು ಕ್ಷಣ ಬಿಟ್ಟುಹೋಗಿರಬೇಕು. ಗಾಡಿ ಹಿಂದಿನಿಂದ ಜಾರಿತು. ಶಂಕ್ರ್ಯಾ ಮುಂದಕ್ಕೆ ಹಾರಿ, ಎರಡೂ ಅಂಗೈ ಚಾಚಿ, ಬೋರಲಾಗಿ ಬಿದ್ದು, ಹರಳುಗಲ್ಲಿನ ನೆಲದ ಮೇಲೆ ಉದ್ದಕ್ಕೆ ಉಜ್ಜುತ್ತ ಹೋದ. ಆ ಹತ್ತು ಬೆರಳುಗಳು ನೆಲ ಉತ್ತುಕೊಂಡು ಹೋಗುವುದನ್ನು ನಾನು ನಿಂತಲ್ಲಿಂದ ನೋಡಿದೆ. ಚಿಗವ್ವ ಹಂಚಿನ ಮುಂದೆ ಕೂತದ್ದೂ ಮನಸ್ಸಿಗೆ ಕಂಡಿತು. ಇಂಜಿನ್ನುಗಳ ಸದ್ದು ಇತ್ತೋ ಇಲ್ಲವೋ ತಿಳಿಯದು.

ಎದ್ದ. ಗಾಡಿ ಎತ್ತಿದ. ಹತ್ತಿದ. ಗೆರೆ ದಾಟುವಾಗ ನಾಲ್ಕನೆಯವನಾಗಿದ್ದ, ಬಹುಮಾನ ಮೂವರಿಗೆ. ಗೆರೆ ದಾಟಿದ ಮೇಲೂ ನಿಲ್ಲಲಿಲ್ಲ. ನೇರವಾಗಿ ನೀರಿನ ಟ್ಯಾಂಕರಿಗೆ ಗಾಡಿ ಹೊಡೆದ. ನಾವು ಓಡಿ ಹೋಗುವಷ್ಟರಲ್ಲಿ ಗ್ಲೌಸು ಕಿತ್ತು ನಲ್ಲಿಯ ಕೆಳಗೆ ಕೈ ಹಿಡಿದಿದ್ದ. ಅಂಗೈಯಿಂದ ಕೆಂಪು ಇಳಿಯುತ್ತಿತ್ತು. "ರಕ್ತ, ರಕ್ತ," ಎಂದು ಜನ ಹಿಂದೆ ಸರಿದರು. ನಾನು ಅವನ ಕೈ ಹಿಡಿದು ತಿರುಗಿಸಿದೆ. ಗ್ಲೌಸಿನ ಅಂಗೈಯಲ್ಲಿ ಮೇಲಿನ ಪದರ ಪೂರ್ತಿ ಹರಿದು ಹೋಗಿತ್ತು. ಎರಡನೆಯ ಪದರ ಹಾಗೇ ಇತ್ತು. ಅವನ ಕೈಯಲ್ಲಿ ಒಂದು ಗೀರು ಇರಲಿಲ್ಲ. ಬೆರಳು ಹತ್ತೂ ಇದ್ದವು, ಹತ್ತೂ ಮಡಿಚುತ್ತಿದ್ದವು. ಬರೀ ಬಣ್ಣ.

"ಶಂಕ್ರ್ಯಾ, ಏನೂ ಆಗಿಲ್ಲಲೇ," ಎಂದೆ.

"ಏನೂ ಆಗಿಲ್ಲ?" ಅವನ ಕಣ್ಣು, ಮೂಗು ಎರಡೂ ಹರಿಯುತ್ತಿದ್ದವು. "ನಿನ್ನ ಕೈ ಕೊಡಿಲ್ಲಿ. ಬೆಂಕಿ ಹತ್ತೈತಿ, ಬೆಂಕಿ. ರಕ್ತ ಓಡಾಕತ್ತೈತಿ ಅಂದ್ಯಲ್ಲಲೇ ಮಂಗ್ಯಾ."

ನೀರು ಬಿದ್ದಷ್ಟೂ ಉರಿ ಹೆಚ್ಚಿತು. ಟ್ರ್ಯಾಕಿನ ಅಂಚಿಗೆ ಒಬ್ಬ ಮುದುಕಿ ಗಡಿಗೆಯಲ್ಲಿ ಮಜ್ಜಿಗೆ ಮಾರುತ್ತ ಕೂತಿದ್ದಳು. ಮಾಮಾ ಹೋಗಿ ಗಡಿಗೆಗೇ ಕೈ ಹಾಕಿದರು. "ಕುಡ್ಯಾಕ ತಂದೇನ್ರಿ, ಕೈ ತೊಳ್ಯಾಕಲ್ಲ," ಎಂದು ಮುದುಕಿ ಗಡಿಗೆ ಅಪ್ಪಿಕೊಂಡಳು. ಶಂಕ್ರ್ಯಾನ ಕೈಗಳನ್ನು ನೋಡಿದ ಮೇಲೆ ತಾನೇ ಮುಚ್ಚಳ ತೆಗೆದಳು. ಸಂಜೆ ಹಾವೇರಿಯ ಬಸ್ಸಿನಲ್ಲಿ ಅವನು ತೊಡೆಯ ಮೇಲೆ ಮಾಮಾ ಕೊಂಡುಕೊಟ್ಟ ಆ ಗಡಿಗೆ ಇಟ್ಟುಕೊಂಡು, ಅದರಲ್ಲಿ ಎರಡೂ ಕೈ ಅದ್ದಿಕೊಂಡು ಕೂತಿದ್ದ. ಕಂಡಕ್ಟರ್ ಬಗ್ಗಿ ನೋಡಿದ. "ಬೆಣ್ಣಿ ತಗ್ಯಾಕತ್ತೀರೇನ್ರಿ?" ಎಂದ. ಶಂಕ್ರ್ಯಾ ಕಿಟಕಿಯ ಕಡೆ ಮುಖ ತಿರುಗಿಸಿದ. ನನ್ನ ಜೊತೆ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಚಿಗವ್ವ ಬಾಗಿಲಲ್ಲೇ ಇದ್ದಳು. ನಾನು ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಮಜ್ಜಿಗೆಯ ಗಡಿಗೆ ಬಿಡುವ ಹಾಗಿರಲಿಲ್ಲ. ಅವಳು ಒಂದೊಂದು ಬೆರಳನ್ನೂ ಹಿಡಿದು ಮಡಿಚಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. "ಉಂಡು ಹೋಗು," ಎಂದಳು.

ಸೋಮವಾರ ಬೆಣ್ಣೆ ಹಚ್ಚಿದರು. ಸಂಜೆಯ ಹೊತ್ತಿಗೆ ಉರಿ ಪೂರ್ತಿ ಇಳಿಯಿತು. ನಾನು ನಾಲ್ಕು ಸಲ ಹೋಗಿ ಚಿಗವ್ವನನ್ನು ಕೇಳಿದ್ದರಿಂದ ಇದು ನನಗೆ ಖಚಿತವಾಗಿ ಗೊತ್ತು. ಮಂಗಳವಾರ ಅವನು ಕ್ಲಾಸಿಗೆ ಹೋಗಿ ಟೈಪು ಹೊಡೆದು ನೋಡಿಕೊಂಡು ಬಂದ. ಎಂದಿನ ಹಾಗೇ ಇತ್ತು. ಆದರೂ ಬುಧವಾರ ಪರೀಕ್ಷೆಯ ಕೋಣೆಯ ಹೊರಗೆ ಬೇವಿನ ಗಿಡಕ್ಕೆ ಒರಗಿ ನಿಂತಾಗ, ಒಳಗಿನ ಹತ್ತಾರು ಯಂತ್ರಗಳ ಗದ್ದಲದಲ್ಲಿ ಅವನದು ಯಾವುದೆಂದು ಹುಡುಕುತ್ತ, ಒಂದು ಯಂತ್ರ ತುಸು ನಿಂತರೂ ಅದು ಅವನದೇ ಎಂದು ಸಾಯುತ್ತಿದ್ದೆ. ಹೊರಗೆ ಬಂದವನು, "ಆತು," ಎಂದಷ್ಟೇ ಹೇಳಿದ. ಭಾನುವಾರದ ನಂತರ ನನ್ನೊಡನೆ ಆಡಿದ ಮೊದಲ ಮಾತು ಅದು.

ಪಾಸಾದ. ಪಾಸಾದವರಲ್ಲಿ ಎಲ್ಲರಿಗಿಂತ ಮೇಲೆ. ನೌಕರಿಯ ಆದೇಶ ಬಂದ ದಿನ ಚಿಗವ್ವ ಹೋಳಿಗೆ ಮಾಡಿ ನಮ್ಮನ್ನೆಲ್ಲ ಕರೆದಳು. ಬ್ಯಾಡಗಿಯಿಂದ ಮಾಮಾ ಬಂದಿದ್ದರು, ಟೋಪಿ ಹಾಕಿಕೊಂಡು. ಬಡಿಸುತ್ತ ಬಡಿಸುತ್ತ ಚಿಗವ್ವ ಎಲ್ಲರಿಗೂ ಕೇಳುವಂತೆ ಅಂದಳು.

"ಎಲ್ಲಾ ಆ ಗ್ಲೌಸಿಂದು ನೋಡ್ರಿ. ಬೆರಳಿಗೆ ಖಾರ ಹತ್ತಿತ್ತಲ್ಲ, ಕೀಲಿ ಮ್ಯಾಲೆ ನಿಂದ್ರಲಿಲ್ಲ ಅವು. ಜಿಗ ಜಿಗ ಜಿ‌ಗದು ಓಡಿದ್ವು. ಗಂಗ್ಯಾ ಸುಮ್ನ ಆರಿಸಿ ತಂದಿರಲಿಲ್ಲ. ಅಂವ ಭಾಳ ಶಾಣ್ಯಾ."

ಮಾಮಾ ಗಂಭೀರವಾಗಿ ತಲೆಯಾಡಿಸಿದರು. ಶಂಕ್ರ್ಯಾ ಕೂಡ, ಹೌದಿರಬಹುದು ಎಂಬಂತೆ ತನ್ನ ಬೆರಳು ನೋಡಿಕೊಂಡ.

ಇದಕ್ಕಿಂತ ಕುಂಟು ವಾದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಉರಿ ಸೋಮವಾರ ಸಂಜೆಯೇ ಹೋಗಿತ್ತು. ಬುಧವಾರದ ವೇಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಇದನ್ನು ಮುರಿಯಲು ನನಗೆ ಅರ್ಧ ನಿಮಿಷ ಸಾಕು. ರೂಢಿಯ ಬಲದಿಂದ ತಟ್ಟೆಯ ಮುಂದೆ ಅರ್ಧ ಎದ್ದೂಬಿಟ್ಟೆ. ಅಷ್ಟರಲ್ಲಿ ಆಚೆಯ ಅರ್ಧ ನಿಮಿಷವೂ ಕಣ್ಣ ಮುಂದೆ ಬಂತು. ಖಾರದಿಂದ ಏನೂ ಉಪಕಾರವಾಗಿಲ್ಲ ಎಂದು ನಾನು ಸಾಧಿಸಿದ ಮರುಕ್ಷಣ, ಹಾಗಾದರೆ ಅದನ್ನು ಅವನ ಕೈಗೆ ಯಾಕೆ ಹಾಕಿಸಿದೆ ಎಂದು ಈ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

"ಯಾಕೋ ಎದ್ದಿ? ಏನರ ಬೇಕೇನು?" ಎಂದಳು ಚಿಗವ್ವ.

"ತುಪ್ಪ, ಚಿಗವ್ವಾ," ಎಂದು ಕುಳಿತುಕೊಂಡೆ.